ನಾಯಿ ಕದ್ದರೆ ಅದು ಎಷ್ಟು ರೂಪಾಯಿಯ ಕಳ್ಳತನ? ವಿಯೆಟ್ನಾಂನ 20 ಲಕ್ಷ ಡಾಂಗ್, ನಮ್ಮ 5,000 ರೂಪಾಯಿ

ನಾನು ಬಾಡಿಗೆಗಿರುವ ಬೀದಿಯ ಲೈಟು ಕಂಬಕ್ಕೆ ಅಂಟಿಸಿದ ಒಂದು ಚೀಟಿ ಮೂರು ತಿಂಗಳಿಂದ ಹಾಗೇ ಇದೆ. ಮಳೆಗೆ ಫೋಟೊದ ಬಣ್ಣ ಇಳಿದು, ಈಗ ನಾಯಿಗಿಂತ ಅದರ ಕೊರಳಿನ ನೀಲಿ ಪಟ್ಟಿಯೇ ಹೆಚ್ಚು ಕಾಣುತ್ತದೆ. ಪಕ್ಕದ ಬಿಲ್ಡಿಂಗಿನ ಆಂಟಿಯೊಬ್ಬರ ನಾಯಿ ಅದು. ಜಾತಿ ನಾಯಿಯಲ್ಲ. ಒಂದು ಮಳೆಗಾಲದಲ್ಲಿ ಪಾರ್ಕಿಂಗ್ ಜಾಗದಲ್ಲಿ ಸಿಕ್ಕ ಬೀದಿ ಮರಿ, ಐದು ವರ್ಷ ಸಾಕಿದ್ದರು. ಬೆಳಗಿನ ಜಾವ ಗೇಟಿನ ಹೊರಗೆ ಬಿಟ್ಟಾಗ ಸ್ಕೂಟರಿನಲ್ಲಿ ಬಂದ ಇಬ್ಬರು ಅದನ್ನು ಎತ್ತಿಕೊಂಡು ಹೋದದ್ದು ಎದುರಂಗಡಿಯ ಸಿಸಿಟಿವಿಯಲ್ಲಿದೆ.

ಠಾಣೆಗೆ ಹೋದ ಆಂಟಿಗೆ ಎದುರಾದ ಮೊದಲ ಪ್ರಶ್ನೆ: ‘ಎಷ್ಟಕ್ಕೆ ತಗೊಂಡಿದ್ರಿ?’

‘ತಗೊಂಡಿದ್ದಲ್ಲ, ಸಿಕ್ಕಿದ್ದು.’

‘ಹಾಗಾದ್ರೆ ಎಷ್ಟು ರೂಪಾಯಿ ಕಳುವಾಯ್ತು ಅಂತ ಬರೀಲಿ?’

ಆಂಟಿಗೆ ಅದು ಕುಹಕದ ಮಾತಿನಂತೆ ಕೇಳಿಸಿತು. ನನಗೂ ಮೊದಲು ಹಾಗೇ ಅನ್ನಿಸಿದ್ದು. ಆದರೆ ಕಾನೂನು ಪುಸ್ತಕ ತೆರೆದು ನೋಡಿದರೆ ಆ ಪೊಲೀಸಪ್ಪ ಕೇಳಿದ್ದು ಸರಿಯಾದ ಪ್ರಶ್ನೆಯೇ. ತಪ್ಪಿರುವುದು ಆ ಪ್ರಶ್ನೆಯನ್ನು ಕೇಳಲೇಬೇಕಾದ ಕಾನೂನಿನಲ್ಲಿ. ಸಾಕುನಾಯಿಯ ಕಳ್ಳತನವನ್ನು ಮಾರುಕಟ್ಟೆ ಬೆಲೆಯಿಂದ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ದೇಶದಲ್ಲಿ ವರ್ಷಗಳ ಉದಾಹರಣೆ ಇದೆ. ಆದ್ದರಿಂದ ಮೊದಲು ವಿಯೆಟ್ನಾಂಗೆ ಹೋಗಿ, ಆಮೇಲೆ ನಮ್ಮ ಊರಿಗೆ ಬರೋಣ.

ಸಾಕುವುದು ದುಬಾರಿ, ಕದಿಯುವುದು ಅಗ್ಗ

ವಿಯೆಟ್ನಾಂನಲ್ಲಿ, ಮುಖ್ಯವಾಗಿ ಉತ್ತರ ಭಾಗದಲ್ಲಿ, ನಾಯಿ ಮಾಂಸ ತಿನ್ನುವ ರೂಢಿ ಹಳೆಯದು. ಚಾಂದ್ರಮಾನ ತಿಂಗಳ ಕೊನೆಯ ದಿನಗಳಲ್ಲಿ ತಿಂದರೆ ಬಂದ ದುರದೃಷ್ಟ ಕಳೆಯುತ್ತದೆ ಎಂಬ ನಂಬಿಕೆಯಿದೆ. ಆ ದಿನಗಳಲ್ಲಿ ಹೋಟೆಲುಗಳು ತುಂಬುತ್ತವೆ, ತಿಂಗಳ ಆರಂಭದಲ್ಲಿ ಖಾಲಿ ಹೊಡೆಯುತ್ತವೆ. ಅಲ್ಲಿ ವರ್ಷಕ್ಕೆ ಸುಮಾರು 50 ಲಕ್ಷ ನಾಯಿಗಳು ಮಾಂಸಕ್ಕಾಗಿ ಸಾಯುತ್ತವೆ ಎಂಬುದು ಪ್ರಾಣಿಪರ ಸಂಘಟನೆಗಳ ಅಂದಾಜು. ಇದು ಅಂದಾಜು ಮಾತ್ರ. ಈ ವ್ಯಾಪಾರದ ಬಹುಪಾಲು ಯಾವ ದಾಖಲೆಗೂ ಸಿಗುವುದಿಲ್ಲ.

ಇಷ್ಟೊಂದು ನಾಯಿ ಎಲ್ಲಿಂದ ಬರುತ್ತವೆ? ಸುದ್ದಿ ಓದುವಾಗ ನಾವು ಬೇಗ ದಾಟಿಬಿಡುವ ಪ್ರಶ್ನೆ ಇದು. ಕೋಳಿ, ಹಂದಿಯ ಹಾಗೆ ಫಾರಂ ಇರಬೇಕು ಅಂದುಕೊಳ್ಳುತ್ತೇವೆ. ಆದರೆ ನಾಯಿಯನ್ನು ಫಾರಂನಲ್ಲಿ ಬೆಳೆಸುವುದು ಲಾಭದ ಕೆಲಸವಲ್ಲ. ಅದು ಹುಲ್ಲು ತಿಂದು ಬೆಳೆಯುವ ಪ್ರಾಣಿಯಲ್ಲ, ಅದಕ್ಕೆ ಹಾಕುವ ಆಹಾರಕ್ಕೇ ದುಡ್ಡು ಸುರಿಯಬೇಕು. ಗುಂಪಿನಲ್ಲಿ ಕೂಡಿ ಹಾಕಿದರೆ ಕಚ್ಚಾಡುತ್ತವೆ. ಡಿಸ್ಟೆಂಪರ್, ಪಾರ್ವೊ ಬಂದರೆ ದೊಡ್ಡಿಗೆ ದೊಡ್ಡಿಯೇ ಖಾಲಿ. ಯಾರೋ ಅನ್ನ ಹಾಕಿ, ಲಸಿಕೆ ಹಾಕಿಸಿ, ಹದಿನೈದು ಕೆಜಿಗೆ ಬೆಳೆಸಿದ ನಾಯಿಯನ್ನು ರಾತ್ರೋರಾತ್ರಿ ಎತ್ತಿಕೊಂಡು ಬಂದರೆ? ಬಂಡವಾಳ ಒಂದು ಬೈಕು, ಒಂದು ತಂತಿ ಉರುಳು, ಒಂದು ಗೋಣಿಚೀಲ.

ಅಲ್ಲಿ ನಡೆಯುವುದು ಹೆಚ್ಚಾಗಿ ಇದೇ. ಇಬ್ಬರು ಬೈಕಿನಲ್ಲಿ ಬರುತ್ತಾರೆ. ಒಬ್ಬ ಓಡಿಸುತ್ತಾನೆ, ಹಿಂದೆ ಕೂತವನು ಉರುಳು ಬೀಸುತ್ತಾನೆ, ಇಲ್ಲವೇ ಮನೆಯಲ್ಲೇ ತಯಾರಿಸಿದ ಕರೆಂಟ್ ಕೋಲಿನಿಂದ ಶಾಕ್ ಕೊಡುತ್ತಾನೆ. ವಿಷ ಬೆರೆಸಿದ ಮಾಂಸದ ತುಂಡು ಎಸೆಯುವುದೂ ಉಂಟು. ಬಾಯಿಗೆ ಟೇಪು ಸುತ್ತಿ ಚೀಲಕ್ಕೆ ತುಂಬಿದರೆ ಕೆಲಸ ಮುಗಿಯಿತು. ನಾಯಿ ಅಲ್ಲಿಂದ ಹಿಡಿಯುವವನ ಕೈಯಿಂದ ಸಗಟು ವ್ಯಾಪಾರಿಗೆ, ಅವನಿಂದ ಕಸಾಯಿಖಾನೆಗೆ, ಕೊನೆಗೆ ಹೋಟೆಲಿಗೆ ಹೋಗುತ್ತದೆ. ಎರಡನೇ ಕೈಗೆ ಬರುವಷ್ಟರಲ್ಲಿ ಕೊರಳ ಪಟ್ಟಿ ಬಿಚ್ಚಿರುತ್ತದೆ. ಮೂರನೇ ಕೈಯವನಿಗೆ ಅದು ಕೆಜಿ ಲೆಕ್ಕದ ಸರಕು.

ಹಿಂದೆ ಸಾಕಷ್ಟು ನಾಯಿಗಳು ಹೊರಗಿನಿಂದಲೂ ಬರುತ್ತಿದ್ದವು. ಥಾಯ್ಲೆಂಡಿನ ಈಶಾನ್ಯದ ಸಕೊನ್ ನಖೊನ್ ಪ್ರಾಂತ್ಯದ ಥಾ ರೇ ಎಂಬ ಊರು ಈ ವ್ಯಾಪಾರಕ್ಕೆ ಕುಖ್ಯಾತವಾಗಿತ್ತು. ಹಳ್ಳಿಗಳಿಗೆ ಬರುವ ವ್ಯಾಪಾರಿಗಳು ಬೇಡವಾದ ನಾಯಿಗೆ ಬದಲಾಗಿ ಪ್ಲಾಸ್ಟಿಕ್ ಬಕೆಟ್ ಕೊಡುತ್ತಿದ್ದರು. ನಮ್ಮಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾರಲ್ಲ, ಹಾಗೆ. ಅಲ್ಲಿಂದ ಮೆಕಾಂಗ್ ನದಿ ದಾಟಿ ಲಾವೋಸ್ ಮೂಲಕ ವಿಯೆಟ್ನಾಂ ಸೇರುತ್ತಿದ್ದವು. 2013ರಲ್ಲಿ ಹನೋಯ್‌ನಲ್ಲಿ ಸೇರಿದ್ದ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ ಮತ್ತು ವಿಯೆಟ್ನಾಂ ಅಧಿಕಾರಿಗಳು ಈ ಗಡಿದಾಟು ಸಾಗಣೆಯನ್ನು ಐದು ವರ್ಷ ನಿಲ್ಲಿಸಲು ಒಪ್ಪಿದರು. ಕಾರಣ ಕರುಣೆಯಲ್ಲ, ರೇಬೀಸ್. ಮರುವರ್ಷ ಥಾಯ್ಲೆಂಡ್ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನೂ ತಂದಿತು. ಗಡಿಯ ಬಾಗಿಲು ಕಿರಿದಾಯಿತು, ಹೋಟೆಲುಗಳು ಮುಚ್ಚಲಿಲ್ಲ. ಮುಂದಿನದನ್ನು ನೀವೇ ಊಹಿಸಬಹುದು.

20 ಲಕ್ಷ ಡಾಂಗ್ ಎಂಬ ಗೆರೆ

ವಿಯೆಟ್ನಾಂ ದಂಡಸಂಹಿತೆಯ 173ನೇ ವಿಧಿಯ ಪ್ರಕಾರ ಕದ್ದ ವಸ್ತುವಿನ ಬೆಲೆ 20 ಲಕ್ಷ ಡಾಂಗ್ ದಾಟಿದರೆ ಕ್ರಿಮಿನಲ್ ಕೇಸು. ನಮ್ಮ ಲೆಕ್ಕದಲ್ಲಿ ಸುಮಾರು ಆರೂವರೆ ಏಳು ಸಾವಿರ ರೂಪಾಯಿ. ಅದಕ್ಕಿಂತ ಕಡಿಮೆಯಾದರೆ, ಹಿಂದೆ ಶಿಕ್ಷೆಯಾದವನೇ ಮತ್ತೆ ಕದ್ದಿದ್ದಂಥ ಕೆಲವು ಸಂದರ್ಭ ಬಿಟ್ಟು, ದಂಡ ಕಟ್ಟಿ ಹೊರಬರಬಹುದು. 2021ರ ಆದೇಶದಂತೆ ಆ ದಂಡ 20ರಿಂದ 30 ಲಕ್ಷ ಡಾಂಗ್ ಇತ್ತು.

ಹಳ್ಳಿಯ ಒಂದು ಸಾಮಾನ್ಯ ನಾಯಿಯನ್ನು ಕೆಜಿ ಲೆಕ್ಕದಲ್ಲಿ ತೂಗಿದರೆ ಆ ಗೆರೆ ಮುಟ್ಟುವುದೇ ಕಷ್ಟ. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ಊರಿನವರಿಗೂ ಗೊತ್ತು. ಪೊಲೀಸರಿಗೆ ಹಿಡಿದು ಕೊಟ್ಟರೆ ನಾಳೆ ಸಂಜೆ ಮತ್ತೆ ಅದೇ ಬೈಕು ಬರುತ್ತದೆ.

ಹೀಗೆ ನ್ಯಾಯ ಊರಿನ ಕೈಗೆ ಹೋಯಿತು. 2010ರ ನಂತರದ ವರ್ಷಗಳಲ್ಲಿ ನಾಯಿಕಳ್ಳರನ್ನು ಗುಂಪು ಸೇರಿ ಬಡಿದು ಕೊಂದ, ಬೈಕಿಗೆ ಬೆಂಕಿ ಇಟ್ಟ ಸುದ್ದಿಗಳು ವಿಯೆಟ್ನಾಂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದವು. 2013ರಲ್ಲಿ ಕ್ವಾಂಗ್ ತ್ರಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಇಬ್ಬರು ಹೀಗೆ ಸತ್ತರು. ಹಳ್ಳಿಗರಲ್ಲಿ ಕೆಲವರ ಮೇಲೆ ಮೊಕದ್ದಮೆ ನಡೆದಾಗ, ‘ಹೊಡೆದದ್ದು ನಾವೆಲ್ಲರೂ’ ಎಂದು ಊರಿನವರು ಒಟ್ಟಾಗಿ ಸಹಿ ಹಾಕಿ ಪತ್ರ ಕೊಟ್ಟರು. ಎದುರು ದಿಕ್ಕಿನಲ್ಲೂ ರಕ್ತ ಹರಿದಿದೆ. ಅಡ್ಡ ಬಂದ ಮಾಲೀಕರ ಮೇಲೆ ಅದೇ ಕರೆಂಟ್ ಕೋಲು ಬೀಸಿದ ಪ್ರಕರಣಗಳಿವೆ.

ಒಂದು ನಾಯಿಗಾಗಿ ಮನುಷ್ಯನನ್ನು ಕೊಲ್ಲುವುದೇ ಎಂದು ಕೇಳಬಹುದು. ಕೊಲೆಗೆ ಸಮರ್ಥನೆ ಇಲ್ಲ, ಇರಬಾರದು. ಆದರೆ ಅಲ್ಲಿ ಸೇರಿದ ಗುಂಪಿನ ಸಿಟ್ಟು ಆ ಒಂದು ನಾಯಿಯದಷ್ಟೇ ಆಗಿರಲಿಲ್ಲ. ಹತ್ತು ಸಲ ದೂರು ಕೊಟ್ಟು ಹತ್ತು ಸಲವೂ ‘ಬೆಲೆ ಕಡಿಮೆ’ ಎಂದು ವಾಪಸು ಬಂದವರ ಸಿಟ್ಟು ಅದು. ಸತ್ತ ಕಳ್ಳರಾದರೂ ಯಾರು? ಹೆಚ್ಚಿನವರು ಕೆಲಸವಿಲ್ಲದ ಹುಡುಗರು. ವ್ಯಾಪಾರದ ಲಾಭ ತಿನ್ನುವ ಸಗಟುದಾರ ಯಾವತ್ತೂ ಆ ಬೈಕಿನ ಮೇಲೆ ಇರುವುದಿಲ್ಲ.

ಲಸಿಕೆಯೂ ಕಳುವಾಗುತ್ತದೆ

ಇದರಲ್ಲಿ ನಾಯಿ ಸಾಕದವರಿಗೂ ಸಂಬಂಧಪಟ್ಟ ಒಂದು ಸಂಗತಿ ಇದೆ. ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇ 70ರಷ್ಟಕ್ಕೆ ಲಸಿಕೆ ಹಾಕಿದರೆ ರೇಬೀಸ್ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕಳ್ಳರು ಎತ್ತುವುದು ಯಾವುದನ್ನು? ಮೈಕೈ ತುಂಬಿಕೊಂಡ, ಮನುಷ್ಯರ ಹತ್ತಿರ ಬರುವ ಸಾಕುನಾಯಿಯನ್ನು. ಅಂದರೆ ಲಸಿಕೆ ಆಗಿರುವ ಸಾಧ್ಯತೆ ಹೆಚ್ಚಿರುವ ನಾಯಿಯನ್ನೇ. ಅದು ಹೋದ ಜಾಗಕ್ಕೆ ಲಸಿಕೆ ಇಲ್ಲದ ಮರಿ ಬರುತ್ತದೆ, ಸರ್ಕಾರ ಕಷ್ಟಪಟ್ಟು ಮುಟ್ಟಿದ ಪ್ರಮಾಣ ಮತ್ತೆ ಕೆಳಗಿಳಿಯುತ್ತದೆ. ಇನ್ನೊಂದು ಕಡೆ, ಎಲ್ಲಿಂದ ಬಂತೋ ಗೊತ್ತಿಲ್ಲದ ನಾಯಿಗಳನ್ನು ಒಂದೇ ಪಂಜರದಲ್ಲಿ ತುಂಬಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸಾಗಿಸಿದರೆ ವೈರಸ್‌ಗೆ ಉಚಿತ ಪ್ರಯಾಣ. ನಾಯಿ ಕಚ್ಚದೆಯೇ, ಸೋಂಕಿತ ಪ್ರಾಣಿಯನ್ನು ಕತ್ತರಿಸಿ ಅಡುಗೆಗೆ ಸಿದ್ಧ ಮಾಡಿದವರಿಗೆ ರೇಬೀಸ್ ಬಂದ ಪ್ರಕರಣಗಳನ್ನು ಅಲ್ಲಿನ ವೈದ್ಯರು 2009ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ.

2018ರಲ್ಲಿ ಹನೋಯ್ ನಗರಾಡಳಿತ ನಾಯಿ ಮಾಂಸ ಬಿಡುವಂತೆ ಜನರಿಗೆ ಮನವಿ ಮಾಡಿತು. 2021ರ ಡಿಸೆಂಬರಿನಲ್ಲಿ ಪ್ರವಾಸಿ ನಗರ ಹೊಯ್ ಆನ್ ಇನ್ನೂ ಮುಂದೆ ಹೋಗಿ, ನಾಯಿ ಬೆಕ್ಕು ಮಾಂಸದ ವ್ಯಾಪಾರವನ್ನು ಹಂತ ಹಂತವಾಗಿ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಮನವಿ, ಒಪ್ಪಂದ ಎಲ್ಲ ಸರಿ. 20 ಲಕ್ಷ ಡಾಂಗ್ ಗೆರೆಯನ್ನು ಅವು ಮುಟ್ಟುವುದಿಲ್ಲ.

ದಕ್ಷಿಣ ಕೊರಿಯಾದ ದಾರಿ ಬೇರೆ ಯಾಕೆ?

ಇಲ್ಲಿ ದಕ್ಷಿಣ ಕೊರಿಯಾದ ಹೆಸರು ಬಂದೇ ಬರುತ್ತದೆ. 2024ರ ಜನವರಿ 9ರಂದು ಅಲ್ಲಿನ ಸಂಸತ್ತು 208–0 ಮತಗಳಿಂದ ನಾಯಿ ಮಾಂಸ ವ್ಯಾಪಾರ ನಿಷೇಧ ಕಾನೂನು ಪಾಸು ಮಾಡಿತು. ಶಿಕ್ಷೆಯ ಕಲಂಗಳು ಜಾರಿಗೆ ಬರುವುದು 2027ರಲ್ಲಿ. ಮಾಂಸಕ್ಕಾಗಿ ನಾಯಿ ಕೊಂದರೆ ಮೂರು ವರ್ಷದವರೆಗೆ ಜೈಲು ಅಥವಾ 3 ಕೋಟಿ ವೋನ್‌ವರೆಗೆ ದಂಡ. ತಿಂದವರಿಗೆ ಶಿಕ್ಷೆ ಇಲ್ಲ. ಮೂರು ವರ್ಷದ ಗಡುವು ಕೊಟ್ಟು, ಬೇಗ ಮುಚ್ಚಿದ ಫಾರಂಗಳಿಗೆ ಹೆಚ್ಚು ಪರಿಹಾರ ಎಂಬ ಲೆಕ್ಕವನ್ನೂ ಹಾಕಿತು.

ಇದನ್ನು ಬರೆಯುವಾಗ ನಾವು ಪತ್ರಕರ್ತರು ‘ಕೊರಿಯಾ ಮಾಡಿದ್ದನ್ನು ಉಳಿದವರೂ ಮಾಡಲಿ’ ಎಂದು ಮುಗಿಸಿಬಿಡುತ್ತೇವೆ. ನಾನೂ ಹಾಗೆ ಒಂದು ಹೆಡ್‌ಲೈನ್ ಕೊಟ್ಟವಳೇ. ಆದರೆ ಕೊರಿಯಾದಲ್ಲಿ ಆ ಉದ್ಯಮ ನಿಂತಿದ್ದು ಫಾರಂಗಳ ಮೇಲೆ. ಫಾರಂಗೆ ವಿಳಾಸವಿದೆ, ಮಾಲೀಕನಿದ್ದಾನೆ, ಪಂಜರಗಳಿವೆ. ಎಣಿಸಬಹುದು, ನೋಂದಣಿ ಮಾಡಿಸಬಹುದು, ಪರಿಹಾರ ಕೊಟ್ಟು ಬೀಗ ಹಾಕಿಸಬಹುದು. ಕಳ್ಳತನದ ಮೇಲೆ ನಿಂತ ವ್ಯಾಪಾರಕ್ಕೆ ವಿಳಾಸವೇ ಇಲ್ಲ. ಅದನ್ನು ಹಿಡಿಯಬೇಕಾದರೆ ಪ್ರತಿ ನಾಯಿಯ ಬಗ್ಗೆ ‘ಇದು ಎಲ್ಲಿಂದ ಬಂತು, ಯಾರದು’ ಎಂದು ಕೇಳುವ ಕಾನೂನು ಬೇಕು.

ನಾಗಾಲ್ಯಾಂಡ್: ತಟ್ಟೆಯ ಮೇಲೆ ಜಗಳ

ಈಗ ಭಾರತಕ್ಕೆ ಬರೋಣ. ಬಾಯಿ ಕಟ್ಟಿ ಗೋಣಿಚೀಲದಲ್ಲಿ ತುಂಬಿ, ತಲೆ ಮಾತ್ರ ಹೊರಗೆ ಕಾಣುವಂತೆ ಮಾರಾಟಕ್ಕಿಟ್ಟ ನಾಯಿಗಳ ಫೋಟೊ 2020ರಲ್ಲಿ ದೇಶವಿಡೀ ಹರಿದಾಡಿತ್ತು. ಅದು ನಾಗಾಲ್ಯಾಂಡಿನ ದಿಮಾಪುರದ ಮಾರುಕಟ್ಟೆಯದು. ಜುಲೈ ಮೊದಲ ವಾರದಲ್ಲಿ ರಾಜ್ಯ ಸಚಿವ ಸಂಪುಟ ನಾಯಿಗಳ ಆಮದು, ಮಾರುಕಟ್ಟೆ, ಮಾಂಸ ಮಾರಾಟ ಎಲ್ಲವನ್ನೂ ನಿಷೇಧಿಸಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ನವೆಂಬರಿನಲ್ಲಿ ತಡೆಯಾಜ್ಞೆ ಬಂತು, 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ನಿಷೇಧವನ್ನೇ ರದ್ದು ಮಾಡಿತು. ಆಹಾರ ಸುರಕ್ಷತಾ ಕಾಯ್ದೆಯಡಿ ಇಂಥ ಆದೇಶ ಹೊರಡಿಸುವ ಅಧಿಕಾರ ಮುಖ್ಯ ಕಾರ್ಯದರ್ಶಿಗೆ ಇಲ್ಲ ಎಂಬುದು ಒಂದು ಕಾರಣ. ನಾಯಿ ಮಾಂಸ ನಾಗಾ ಸಮುದಾಯಗಳಲ್ಲಿ ಒಪ್ಪಿತವಾದ ಆಹಾರ ಎಂಬುದನ್ನೂ ಪೀಠ ಗಮನಿಸಿತು. ಮಿಜೋರಾಂ ಅದೇ 2020ರಲ್ಲಿ ಬೇರೆ ದಾರಿ ಹಿಡಿದಿತ್ತು: ಸದ್ದಿಲ್ಲದೆ ವಿಧಾನಸಭೆಯಲ್ಲಿ ತಿದ್ದುಪಡಿ ತಂದು, ವಧೆ ಮಾಡಬಹುದಾದ ಪ್ರಾಣಿಗಳ ಪಟ್ಟಿಯಿಂದ ನಾಯಿಯನ್ನು ತೆಗೆದುಹಾಕಿತು.

ನಾಗಾಲ್ಯಾಂಡ್ ಚರ್ಚೆಯಲ್ಲಿ ಎರಡೂ ಕಡೆಯವರು ಜಗಳವಾಡಿದ್ದು ತಟ್ಟೆಯ ಬಗ್ಗೆ. ‘ನೀವು ಅನಾಗರಿಕರು’ ಎಂದಿತು ಒಂದು ಕಡೆ. ‘ನಮ್ಮ ಊಟಕ್ಕೆ ಕೈ ಹಾಕಲು ನೀವ್ಯಾರು’ ಎಂದಿತು ಇನ್ನೊಂದು ಕಡೆ. ಎರಡನೆಯ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನಾನ್‌ವೆಜ್ ತಿಂತೀರಾ’ ಎಂಬ ಪ್ರಶ್ನೆ ಎದುರಿಸಿದ ಯಾರಿಗೂ ಅರ್ಥವಾಗಬೇಕು. ಆದರೆ ಆ ಚೀಲಗಳಲ್ಲಿದ್ದ ನಾಯಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಈ ಗದ್ದಲದಲ್ಲಿ ಕಳೆದೇ ಹೋಯಿತು. ನಾಗಾಲ್ಯಾಂಡ್ ಕಡೆ ಹೊರಟ, ಚೀಲಗಳಲ್ಲಿ ನಾಯಿ ತುಂಬಿದ ಗಾಡಿಗಳನ್ನು ಅಸ್ಸಾಂ ಪೊಲೀಸರು ಹಿಡಿದ ಸುದ್ದಿಗಳು ಬಂದಿವೆ. ಹಾಗೆ ಸಾಗಿಸುವುದು 1978ರ ಪ್ರಾಣಿ ಸಾಗಣೆ ನಿಯಮಗಳಿಗೆ ಎಂದೋ ವಿರುದ್ಧ. ಹೊಸ ನಿಷೇಧವೇ ಬೇಕಿರಲಿಲ್ಲ. ಯಾರದೋ ಮನೆಯ ನಾಯಿ ಕದಿಯುವುದು ಯಾವ ಸಮುದಾಯದ ಆಹಾರ ಸಂಸ್ಕೃತಿಯೂ ಅಲ್ಲ. ಕೊಹಿಮಾದಲ್ಲಿ ನಾಯಿ ಸಾಕಿರುವ ಮನೆಯವರಿಗೂ ಅದು ಬೇಕಿಲ್ಲ.

ಗದ್ದಲ ಮಟನ್ನಿಗೆ

ದಕ್ಷಿಣದ ನಗರಗಳಲ್ಲಿ ನಾಯಿ ಮಾಂಸದ ಸುದ್ದಿ ಬಂದದ್ದು ಹೀಗೆ. 2018ರ ನವೆಂಬರಿನಲ್ಲಿ ಚೆನ್ನೈನ ಎಗ್ಮೋರ್ ನಿಲ್ದಾಣದಲ್ಲಿ ರಾಜಸ್ಥಾನದಿಂದ ಬಂದ ಮಾಂಸವನ್ನು ನಾಯಿ ಮಾಂಸವೆಂದು ಹಿಡಿದರು. ನಗರದ ಬಿರಿಯಾನಿ ಅಂಗಡಿಗಳ ವ್ಯಾಪಾರ ಕುಸಿಯಿತು. ಪರೀಕ್ಷೆಯಲ್ಲಿ ಅದು ಆಡಿನ ಮಾಂಸ ಎಂದು ಬಂತು. 2024ರ ಜುಲೈನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲೂ ಅದೇ ಕಥೆ, ಅದೇ ರಾಜಸ್ಥಾನದ ಪೆಟ್ಟಿಗೆಗಳು. ಮಾದರಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಕಳಿಸಿದರು. ಅಲ್ಲಿಂದಲೂ ಬಂದ ಉತ್ತರ, ನಾಯಿ ಮಾಂಸವಲ್ಲ ಎಂದೇ. ಅಷ್ಟರಲ್ಲಿ ಆ ವಿಡಿಯೊಗಳು ಮುಂಬೈ, ಪುಣೆಯ ಕನ್ನಡ ವಾಟ್ಸ್ಆಪ್ ಗುಂಪುಗಳನ್ನೂ ಸುತ್ತಿ ಬಂದಿದ್ದವು. ಪರೀಕ್ಷಾ ವರದಿಯನ್ನು ಅಷ್ಟೇ ಉತ್ಸಾಹದಿಂದ ಫಾರ್ವರ್ಡ್ ಮಾಡಿದವರನ್ನು ನಾನಂತೂ ಕಾಣಲಿಲ್ಲ.

ನಮ್ಮ ನಗರಗಳಲ್ಲಿ ಸಾಕುನಾಯಿ ಕದಿಯುವುದು ಸಾಮಾನ್ಯವಾಗಿ ಮಾಂಸಕ್ಕಲ್ಲ, ಮರುಮಾರಾಟಕ್ಕೆ ಮತ್ತು ಮರಿ ಹಾಕಿಸುವುದಕ್ಕೆ. ಹಸ್ಕಿ, ಶಿಟ್ಜು, ಲ್ಯಾಬ್ರಡಾರ್‌ಗಳಿಗೆ ಬೇಡಿಕೆ. ಉದ್ದೇಶ ಬೇರೆಯಾದರೂ ಬೈಕಿನ ಮೇಲಿನ ಇಬ್ಬರು ಒಂದೇ, ಠಾಣೆಯ ಪ್ರಶ್ನೆಯೂ ಒಂದೇ.

ಕೊಂದರೆ ಬೆಲೆ ಕೇಳುವುದಿಲ್ಲ, ಕದ್ದರೆ ಕೇಳುತ್ತಾರೆ

ಹಳೆಯ ಐಪಿಸಿಯಲ್ಲಿ ಪ್ರಾಣಿಯನ್ನು ಕೊಂದವನ ಮೇಲೆ 428ನೇ ಕಲಂ ಹಾಕಬೇಕಾದರೆ ಅದರ ಬೆಲೆ ಕನಿಷ್ಠ 10 ರೂಪಾಯಿ, 429 ಹಾಕಬೇಕಾದರೆ ದನ, ಕುದುರೆಗಳಂಥವನ್ನು ಬಿಟ್ಟು ಉಳಿದವಕ್ಕೆ 50 ರೂಪಾಯಿ ಇರಬೇಕಿತ್ತು. 1860ರ ರೂಪಾಯಿ ಅದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಈ ಲೆಕ್ಕವನ್ನು ಕೈಬಿಟ್ಟಿತು. ಈಗ 325ನೇ ಕಲಂ ಪ್ರಕಾರ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗವಿಕಲ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. ಬೆಲೆ ಎಷ್ಟೇ ಇರಲಿ. ಒಳ್ಳೆಯ ಬದಲಾವಣೆ, ಶಹಬ್ಬಾಸ್ ಅನ್ನಲೇಬೇಕು.

ಆದರೆ ಅದೇ ಸಂಹಿತೆ ಕಳ್ಳತನದ ಕಲಂನಲ್ಲಿ ಬೆಲೆಯನ್ನು ಹೊಸದಾಗಿ ತಂದು ಕೂರಿಸಿತು. ಐಪಿಸಿ 379ರಲ್ಲಿ ಕದ್ದದ್ದು ನೂರು ರೂಪಾಯಿಯದಾದರೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಿತ್ತು. ಈಗಿನ 303(2)ರಲ್ಲಿ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಅಪರಾಧಿ ಎನಿಸಿದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥದ್ದನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೂ ಸೇರಿಸಿದ್ದಾರೆ. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹೊಟ್ಟೆಪಾಡಿಗೆ ಬ್ರೆಡ್ಡು ಕದ್ದವನನ್ನು ಜೈಲಿಗೆ ಹಾಕಬಾರದು ಎಂಬ ಆಶಯದ ಸಡಿಲಿಕೆ ಇದು, ಅದರಲ್ಲಿ ತಪ್ಪಿಲ್ಲ. ಆ ಬ್ರೆಡ್ಡಿನ ಪಕ್ಕದಲ್ಲಿ ಆಂಟಿಯ ನಾಯಿಯೂ ನಿಂತಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಪರಿಣಾಮ ನೋಡಿ. 40 ಸಾವಿರ ಕೊಟ್ಟು ಬಿಲ್ ಇಟ್ಟುಕೊಂಡವರ ಹಸ್ಕಿ ಕಳುವಾದರೆ ಎಫ್‌ಐಆರ್. ಬೀದಿಯಿಂದ ಎತ್ತಿ ಸಾಕಿದ ದೇಸಿ ನಾಯಿ ಕಳುವಾದರೆ ಒಂದು ಎನ್‌ಸಿ ಚೀಟಿ. ‘ದುಡ್ಡು ಕೊಟ್ಟು ತರಬೇಡಿ, ದತ್ತು ತಗೊಳ್ಳಿ’ ಎಂದು ಸರ್ಕಾರಗಳೇ ಹೇಳುತ್ತವೆ. ಆ ಮಾತು ಕೇಳಿದವರಿಗೇ ಕಾನೂನಿನ ರಕ್ಷಣೆ ಕಡಿಮೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಡೆ ತಿರುಗೋಣ ಎಂದರೆ, 1960ರ ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಆಂಟಿಗೆ ಕೊಟ್ಟ ಎನ್‌ಸಿ ಪ್ರತಿಯನ್ನು ನಾನು ನೋಡಿದೆ. ಬೆಲೆ ಬರೆಯಬೇಕಾದ ಜಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ.

ಬ್ರಿಟನ್ ಇದನ್ನು ಒಂದು ಸಣ್ಣ ಕಾಯ್ದೆಯಿಂದ ಸರಿಮಾಡಿಕೊಂಡಿತು. 2024ರಲ್ಲಿ ಜಾರಿಗೆ ಬಂದ ಸಾಕುಪ್ರಾಣಿ ಅಪಹರಣ ಕಾಯ್ದೆ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗೆ ಅನ್ವಯ. ನಾಯಿ ಅಥವಾ ಬೆಕ್ಕನ್ನು ಒಯ್ಯುವುದೇ ಪ್ರತ್ಯೇಕ ಅಪರಾಧ, ಐದು ವರ್ಷದವರೆಗೆ ಜೈಲು. ಅದರ ಬೆಲೆ ಎಷ್ಟು ಎಂದು ಕೇಳುವ ಜಾಗವೇ ಆ ಕಲಂನಲ್ಲಿಲ್ಲ. ನಮ್ಮಲ್ಲಿ ಹೊಸ ಕಾಯ್ದೆಯೂ ಬೇಕಿಲ್ಲ. 303(2)ರ ಸಡಿಲಿಕೆ ಸಾಕುಪ್ರಾಣಿಗಳಿಗೆ ಅನ್ವಯಿಸದು ಎಂಬ ಒಂದು ಸಾಲು ಸಾಕು. 325ರಲ್ಲಿ ಬೆಲೆ ತೆಗೆದುಹಾಕಲು ಸಾಧ್ಯವಾದ ಸಂಸತ್ತಿಗೆ ಇದು ದೊಡ್ಡ ಕೆಲಸವಲ್ಲ.

ಅಲ್ಲಿಯವರೆಗೆ ನಾಯಿ ಸಾಕಿದವರು ಕೆಲವು ಕಾಗದ ಇಟ್ಟುಕೊಳ್ಳಬೇಕು. ಪಾಲಿಕೆಯ ಪರವಾನಗಿ ನಾಯಿ ನಿಮ್ಮದೇ ಎಂಬುದಕ್ಕೆ ಒಳ್ಳೆಯ ದಾಖಲೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಮಾಡಿಸಿರುವುದೇ ಇಲ್ಲ. ಲಸಿಕೆ ಪುಸ್ತಕದಲ್ಲಿ ನಿಮ್ಮ ಹೆಸರು ಇರಲಿ. ಪಶುವೈದ್ಯರ ಹತ್ತಿರ ಮೈಕ್ರೋಚಿಪ್ ಹಾಕಿಸಬಹುದು, ಕೊರಳ ಪಟ್ಟಿ ಬಿಚ್ಚಿದ ಹಾಗೆ ಅದನ್ನು ಬಿಚ್ಚಲಾಗದು. ಆಪರೇಷನ್, ಲಸಿಕೆ, ಔಷಧಿಯ ರಸೀದಿಗಳನ್ನು ಎಸೆಯಬೇಡಿ. ನಾಯಿಯ ಬೆಲೆ 5,000 ದಾಟುತ್ತದೆ ಎಂದು ವಾದಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಮನೆಯೊಳಗಿನಿಂದಲೇ ಒಯ್ದಿದ್ದರೆ ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ವಾಸದ ಮನೆಯಲ್ಲಿ ನಡೆದ ಕಳ್ಳತನಕ್ಕೆ 305ನೇ ಕಲಂ ಇದೆ, ಏಳು ವರ್ಷದವರೆಗೆ ಶಿಕ್ಷೆ, ಅಲ್ಲಿ 5,000ದ ಮಿತಿ ಇಲ್ಲ. ಎನ್‌ಸಿ ಕೊಟ್ಟು ಕಳಿಸಿದರೆ, ತನಿಖೆಗೆ ಆದೇಶ ಕೇಳಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.

ಆಂಟಿಯ ನಾಯಿ ಕಳುವಾದದ್ದು ಗೇಟಿನಿಂದ ನಾಲ್ಕು ಹೆಜ್ಜೆ ಹೊರಗೆ. ಹಾಗಾಗಿ 305 ಅವರಿಗೆ ಸಿಗಲಿಲ್ಲ. ಐದು ವರ್ಷದ ಔಷಧಿ ಚೀಟಿಗಳನ್ನೆಲ್ಲ ಕೂಡಿಸಿ ಈಗ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಮುಂದಿನ ತಾರೀಖು ಇನ್ನೂ ಬಂದಿಲ್ಲ.